ಪಾರವ್ವನ ಹೆಸರಿನ ಗೆರೆ

ಪಾರವ್ವ ಮಲಗಿದ ದಿನ ನಾನು ಎಲೆತೋಟದಲ್ಲಿ ಬಳ್ಳಿ ಕಟ್ಟುತ್ತಿದ್ದೆ. ಬುತ್ತಿ ತಂದವಳು ಬದುವಿನ ಮೇಲೆ ಕೂತು, ರೊಟ್ಟಿಯ ಗಂಟು ಬಿಚ್ಚಿ, ಬಿಚ್ಚಿದ ಅರಿವೆಯನ್ನು ಕೈಯಲ್ಲೇ ಹಿಡಿದುಕೊಂಡು, "ಯಾಕೋ ಕಣ್ಣ ಎಳಿಯಾಕತ್ತಾವು ನೋಡ್ರಿ" ಅಂದಳು. ನಾನು ಏಣಿಯ ಮೇಲಿಂದಲೇ, "ಬಿಸಲಾಗ ಬಂದೀದಿ, ನೀರು ಕುಡಿ" ಅಂದೆ. ನಾನು ಇಳಿದು ಬರುವಷ್ಟರಲ್ಲಿ ನುಗ್ಗೆಯ ಮರಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದ್ದಳು. ಕೆನ್ನೆಯ ಮೇಲೆ ಇರುವೆ ಹರಿಯುತ್ತಿತ್ತು, ಕೊಡವಿಕೊಳ್ಳಲಿಲ್ಲ. ಆಗ ತಿಳಿಯಿತು. ಎಬ್ಬಿಸಲು ಹೋಗಲಿಲ್ಲ. ಇರುವೆಯನ್ನು ತೆಗೆದು, ಮುಖದ ಮೇಲೆ ನನ್ನ ಟವೆಲ್ಲು ಹೊದಿಸಿ, ಗಾಡಿ ತರಲು ಹೋದೆ.

ನಮ್ಮೂರಲ್ಲಿ ಮಲಗುವವರು ಹೀಗೆಯೇ ಮಲಗುತ್ತಾರೆ. ಮುದುಕರೇ ಆಗಬೇಕೆಂದಿಲ್ಲ, ಕಾಯಿಲೆಯವರೇ ಆಗಬೇಕೆಂದಿಲ್ಲ. ಕೆಲವರು ಒಂದು ಬೆಳೆ ಬಂದು ಹೋಗುವಷ್ಟರಲ್ಲಿ ಏಳುತ್ತಾರೆ, ಕೆಲವರು ಎದ್ದು ನೋಡಿದರೆ ತೊಟ್ಟಿಲಲ್ಲಿ ಬಿಟ್ಟ ಮಗಳು ಬಸುರಿಯಾಗಿರುತ್ತಾಳೆ. ಏಳುವ ಮೊದಲು ಕರೆಯುತ್ತಾರೆ. ಹೆಸರು ಹಿಡಿದು ಅಲ್ಲ. ಹೊಲದ ಆ ತುದಿಯಿಂದ ಯಾರೋ ಕೂಗಿದ್ದು ಗಾಳಿಯಲ್ಲಿ ತೇಲಿ ಬಂದರೆ ಹೇಗೋ ಹಾಗೆ. ಬಾಯಿಗೆ ಕಿವಿ ಹಚ್ಚಿ ಕೂತವರಿಗೆ ಮಾತ್ರ ಕೇಳುವಷ್ಟು ಸಣ್ಣ ದನಿ. ಮೂರು ಸಲ ಕರೆಯುತ್ತಾರೆ. ಒಂದು ಕರೆಗೂ ಇನ್ನೊಂದಕ್ಕೂ ನಡುವೆ ಎಲೆ ಅಡಿಕೆ ಅಗಿದು ಉಗುಳುವಷ್ಟು ಹೊತ್ತು. ಅಷ್ಟರೊಳಗೆ ಅವರ ಒಲೆಯ ರೊಟ್ಟಿ ತಿಂದವರು ಯಾರಾದರೂ ಕಿವಿಯಲ್ಲಿ "ಓ" ಅನ್ನಬೇಕು. ಅಂದರೆ ಕಣ್ಣು ತೆರೆಯುತ್ತಾರೆ. ಅನ್ನದಿದ್ದರೆ ಮೂರನೆಯ ಕರೆಯ ಜೊತೆಗೇ ಉಸಿರು ಹೋಗುತ್ತದೆ. ಬೇರೆ ಒಲೆಯವರು ಓ ಅನ್ನಬಾರದು. ಅಂದರೆ ಜೀವ ದಾರಿ ತಪ್ಪಿ ಇನ್ಯಾರದೋ ಹೊಸ್ತಿಲಿಗೆ ಹೋಗಿ ನಿಲ್ಲುತ್ತದೆ ಎಂದು ಹಿರಿಯರ ಮಾತು. ಅದಕ್ಕೇ ಎಲ್ಲಾದರೂ ಕರೆ ಬಂತೆಂದರೆ ಸುತ್ತಲಿನವರೆಲ್ಲ ಸೆರಗನ್ನೋ ಟವೆಲ್ಲನ್ನೋ ಬಾಯಿಗೆ ಒತ್ತಿ ಹಿಡಿದುಕೊಳ್ಳುತ್ತಾರೆ. ಕರೆದವರಿಗೆ ಓ ಅನ್ನುವುದು ಮನುಷ್ಯನ ಬಾಯಿಗೆ ಅಂಟಿದ ಚಟ, ಅದನ್ನು ಅರಿವೆಯಿಂದಲೇ ತಡೆಯಬೇಕು.

ನಮ್ಮ ಒಲೆಯ ರೊಟ್ಟಿ ತಿಂದವನೆಂದರೆ ನಾನೊಬ್ಬನೇ. ಮಕ್ಕಳಾಗಲಿಲ್ಲ.

ಮಲಗಿದವರನ್ನೆಲ್ಲ ಇಡುವುದು ಹತ್ತಿಯ ಹಳೆಯ ಗೋಡೌನಿನಲ್ಲಿ. ಅದು ತಂಪು. ಸಾಲಾಗಿ ಹೊರಸು ಹಾಕಿದ್ದಾರೆ. ನಾನು ಮೊದಲ ಹಂಗಾಮು ಪೂರ್ತಿ ಪಾರವ್ವನ ಹೊರಸಿನ ಬದಿಗೇ ಕೂತೆ. ಏಳದೆ ಕೂತರೆ ಎಲೆತೋಟ ಏನಾಗುತ್ತದೆ ಎಂಬುದು ಎಲೆತೋಟ ಮಾಡಿದವರಿಗೆ ಗೊತ್ತು. ಕಟ್ಟದ ಬಳ್ಳಿ ಮರ ಬಿಟ್ಟು ಜಾರುತ್ತದೆ, ನೆಲ ಮುಟ್ಟಿದ ಕುಡಿ ಕೊಳೆಯುತ್ತದೆ. ನಾನು ಕೂತಲ್ಲೇ ಮನಸ್ಸಿನಲ್ಲಿ ಅದನ್ನೆಲ್ಲ ನೋಡಿದೆ. ಬಯಲಿಗೆ ಹೋಗಿ ಬರುವಷ್ಟರಲ್ಲಿ ಕರೆದುಬಿಟ್ಟರೆ ಎಂದು ಊಟ ಕಡಿಮೆ ಮಾಡಿದೆ.

ನನ್ನ ಬೆನ್ನಿಗೆ ಮಾಬೂಸಾಬನ ತಾಯಿ ಬೀಬವ್ವನ ಹೊರಸು. ಎರಡರ ನಡುವೆ ಒಬ್ಬರು ಕೂಡುವಷ್ಟು ಜಾಗ. ಮಾಬೂಸಾಬ ಸೈಕಲ್ ರಿಪೇರಿಯವ, ಅವನೂ ತಾಯಿಗೆ ಒಬ್ಬನೇ. ಅಂಗಡಿಯನ್ನೇ ಗೋಡೌನಿಗೆ ತಂದುಬಿಟ್ಟಿದ್ದ. ತಾಯಿಯ ತಲೆದೆಸೆಯಲ್ಲಿ ನೀರು ತುಂಬಿದ ತಗಡಿನ ಬುಟ್ಟಿ ಇಟ್ಟುಕೊಂಡು ಟ್ಯೂಬು ಮುಳುಗಿಸಿ ಗುಳ್ಳೆ ನೋಡುತ್ತಿದ್ದ. "ಕಾಕಾ, ಟ್ಯೂಬಿಗೆ ತೂತು ಬಿದ್ರ ನೀರು ಹೇಳ್ತೈತಿ. ಮನಷ್ಯಾರ ಉಸುರಿಗೂ ಹಿಂತಾದೊಂದು ಬುಟ್ಟಿ ಇರಬೇಕಿತ್ತು ನೋಡ" ಅನ್ನುತ್ತಿದ್ದ.

"ಇದ್ದಿದ್ರ ಅದಕ್ಕೂ ನೀ ಪಂಚರ್ ಹಾಕಿ ರೊಕ್ಕಾ ಕೇಳ್ತಿದ್ದಿ" ಎಂದು ಆ ಕಡೆಯಿಂದ ದ್ಯಾಮಕ್ಕ ಅಂದಳು.

ದ್ಯಾಮಕ್ಕನ ಮನೆಯವರು ಯಾರೂ ಗೋಡೌನಿನಲ್ಲಿ ಇರಲಿಲ್ಲ. ಆಕೆಯ ಗಂಡ ಮಲಗಿದ್ದವನು ಒಂದು ಮುಂಜಾನೆ ಕರೆದಾಗ ಆಕೆ ಬಾವಿಗೆ ನೀರಿಗೆ ಹೋಗಿದ್ದಳು. ಆ ದಿನ ಅವನ ಬಾಯಿಗೆ ಕಿವಿ ಹಚ್ಚಿ ಕೂತಿದ್ದ ಬಾಜೂ ಮನೆಯ ಹೆಂಗಸರು ಮೂರೂ ಕರೆ ಕೇಳಿದ್ದರಂತೆ. ಸೆರಗು ಬಾಯಿಗೊತ್ತಿಕೊಂಡು ಒಬ್ಬಳನ್ನು ಬಾವಿಯ ದಾರಿಗೆ ಓಡಿಸಿದ್ದರಂತೆ. ದ್ಯಾಮಕ್ಕ ಬಂದು ಕೊಡ ಇಳಿಸುವಾಗ ಎಲ್ಲ ಮುಗಿದಿತ್ತು. ಅವತ್ತಿನಿಂದ ಆಕೆ ಗೋಡೌನಿನಲ್ಲೇ ಉಳಿದಳು. ಕಸ ಗುಡಿಸುವುದು, ಮಲಗಿದವರ ಮಗ್ಗುಲು ತಿರುಗಿಸುವುದು, ಕೂತವರನ್ನು ಬೈಯುವುದು ಆಕೆಯ ಕೆಲಸ.

ಊರಿನ ಕಮಿಟಿಯವರು ಪಟ್ಟಣದಿಂದ ಕಂಪ್ಯೂಟರನ್ನೂ ಒಂದು ಚೀಲ ಮೈಕುಗಳನ್ನೂ ತಂದದ್ದು ಆಗ. ಜೊತೆಗೆ ಒಬ್ಬ ಸಣಕಲ ಜೋಡಣೆಯವನು ಬಂದಿದ್ದ. ಮೈಕುಗಳು ಹುಣಸೆ ಬೀಜದಷ್ಟು, ಕಪ್ಪಗೆ, ಉದ್ದ ತಂತಿಯವು. ಒಂದಕ್ಕೂ ಇನ್ನೊಂದಕ್ಕೂ ಕೂದಲಿನಷ್ಟು ಫರಕಿರಲಿಲ್ಲ. ಒಂದೊಂದನ್ನು ಒಬ್ಬೊಬ್ಬರ ಕೊರಳ ಹತ್ತಿರ ಪಿನ್ನಿನಿಂದ ಸಿಕ್ಕಿಸಿ, ತಂತಿಗಳನ್ನೆಲ್ಲ ಗೋಡೆಗುಂಟ ಎಳೆದು, ತೂತು ತೂತಿನ ಒಂದು ಹಲಗೆಗೆ ಚುಚ್ಚಿ, ಆ ಹಲಗೆಯನ್ನು ಕಂಪ್ಯೂಟರಿಗೆ ಕೂಡಿಸಿದ. ಪರದೆಯ ಮೇಲೆ ಒಂದರ ಕೆಳಗೊಂದು ಹಸಿರು ಗೆರೆಗಳು ಬಂದು ಉಸಿರಿನ ಜೊತೆ ಏಳುತ್ತಾ ಬೀಳುತ್ತಾ ಇದ್ದವು. ಆದರೆ ಎಲ್ಲ ಗೆರೆಗಳ ಮುಂದೆ ಬರೆದದ್ದು ಒಂದೇ, ಮೈಕು, ಮೈಕು, ಮೈಕು.

"ಇದರಾಗ ನಮ್ಮವ್ವ ಯಾರ್ರೀ?" ಎಂದು ಮಾಬೂಸಾಬ ಕೇಳಿದ.

"ಅದ ಅಲ್ಲೇನ್ರೀ ತ್ರಾಸು" ಅಂದ ಜೋಡಣೆಯವ. "ಎಲ್ಲಾವೂ ಒಂದ ಅಚ್ಚಿನ್ಯಾಗ ಎರದಾವು. ಕಂಪ್ಯೂಟರ್ ಕೇಳ್ತೈತಿ, ನೀ ಯಾರಪಾ ಅಂತ. ಎಲ್ಲಾವೂ ಒಂದ ಹೆಸರು ಹೇಳ್ತಾವು. ಹಂಗಾಗಿ ಅದು ಮಾರಿ ನೋಡಂಗಿಲ್ಲ, ಯಾವ ತೂತಿನ್ಯಾಗ ಬಂದು ಕುಂತೀದಿ ಅನ್ನೂದಷ್ಟ ನೋಡ್ತೈತಿ. ನೀವ್ ಹೋಗಿ ನಿಮ್ಮ ತಾಯಾರ ಮೈಕ್ ಮ್ಯಾಲ ಉಗುರಲೆ ಬಡೀರಿ."

ಮಾಬೂಸಾಬ ಹೋಗಿ ಟಕ್ ಟಕ್ ಎಂದು ಬಡಿದ. ಒಂದು ಗೆರೆ ಮಿಡತೆಯ ಹಾಗೆ ನೆಗೆಯಿತು. ಅದರ ಮುಂದೆ ಬೀಬವ್ವ ಎಂದು ಬರೆದ. ಆಮೇಲೆ ನಾನು ಬಡಿದೆ. ಬೇರೊಂದು ನೆಗೆಯಿತು, ಪಾರವ್ವ ಎಂದು ಬರೆದ. ಹೀಗೆ ಎಲ್ಲರೂ ಬಾಗಿಲು ಬಡಿದ ಹಾಗೆ ತಮ್ಮ ತಮ್ಮವರ ಕೊರಳ ಹತ್ತಿರ ಬಡಿದು ಹೆಸರು ಹಚ್ಚಿಸಿದೆವು. ಕೊನೆಗೆ ಅವನು ತಂತಿಯ ತುದಿಗೂ ಅದರ ತೂತಿಗೂ ಒಂದೇ ಬಣ್ಣದ ಪಟ್ಟಿ ಅಂಟಿಸಿ, "ಬ್ಯಾರೆ ತೂತಿಗೆ ಚುಚ್ಚಬ್ಯಾಡ್ರಿ ಮತ್ತ. ಹೆಸರು ಮೈಕಿಂದಲ್ಲ, ತೂತಿಂದು" ಅಂದ. ನಾವೆಲ್ಲ ಹೂಂ ಅಂದೆವು. ನಾವು ತಿಳಿದುಕೊಂಡದ್ದು, ಆ ಹಲಗೆಯನ್ನು ಬಿಟ್ಟು ಕಂಪ್ಯೂಟರಿನ ಮೈಮೇಲೆ ಇರುವ ಇತರ ತೂತುಗಳಿಗೆ ಚುಚ್ಚಬಾರದು ಎಂದು. ಅದನ್ನು ಯಾರೂ ತಪ್ಪಿಯೂ ಮಾಡಲಿಲ್ಲ.

ಕಿವಿಗೆ ಹಾಕುವ ಗುಬುಟು ದ್ಯಾಮಕ್ಕನ ಪಾಲಿಗೆ ಬಂತು. ಎಲ್ಲ ಉಸಿರೂ ಆಕೆಯ ಕಿವಿಯಲ್ಲಿ ಒಟ್ಟಿಗೆ. ಕರೆ ಬಂದರೆ ಯಾವ ಗೆರೆ ನೆಗೆಯಿತು ನೋಡಿ, ಗೋಡೌನಿನ ಮಾಡಿಗೆ ಕಟ್ಟಿದ ಧ್ವನಿವರ್ಧಕದ ಕರ್ಣದಲ್ಲಿ ಮನೆಯವರ ಹೆಸರು ಕೂಗಬೇಕು. ಊರಿನ ಯಾವ ಮೂಲೆಯಿಂದ ಓಡಿ ಬಂದರೂ ಎರಡನೆಯ ಕರೆಗಾದರೂ ಮುಟ್ಟಬಹುದಾಗಿತ್ತು. ಮುಟ್ಟಿದರು ಕೂಡ. ಬಡಿಗ ಮೋನಪ್ಪನ ಅಣ್ಣ ಎದ್ದ, ಹೂಗಾರರ ಮುದುಕಿ ಎದ್ದಳು. ಮೋನಪ್ಪ ಬಾಚಿ ಹಿಡಿದೇ ಓಡಿ ಬಂದಿದ್ದನಂತೆ, ಎದ್ದ ಅಣ್ಣ ಮೊದಲು ಕಂಡದ್ದು ಬಾಚಿಯನ್ನು, "ಕಡಿಯಾಕ ಬಂದೀ ಏನಲೇ?" ಅಂದನಂತೆ. ಊರು ನಕ್ಕಿತು. ಅಂಥ ನಗು ಕೇಳಿ ಎಷ್ಟೋ ಕಾಲವಾಗಿತ್ತು.

ಮಾಬೂಸಾಬ ಅಂಗಡಿಯನ್ನು ಹಳೆಯ ಜಾಗಕ್ಕೆ ಒಯ್ದ, ನಾನು ತೋಟಕ್ಕೆ ಮರಳಿದೆ. ಜಾರಿದ ಬಳ್ಳಿಗಳನ್ನು ಇಳಿಸಿ, ಸುತ್ತಿ, ಮಣ್ಣು ಕೊಟ್ಟು, ಹೊಸ ಕುಡಿಗಳನ್ನು ಮರಕ್ಕೆ ಹತ್ತಿಸಿದೆ. ಸಂಜೆಗೆ ಎಲೆಯ ಪೆಂಡಿ ಹೊತ್ತು ಪೇಟೆಗೆ ಹೋಗುವ ಮುಂಚೆ ಗೋಡೌನಿಗೆ ಹೋಗುತ್ತಿದ್ದೆ. ದ್ಯಾಮಕ್ಕ ಒಂದು ಕಿವಿಯ ಗುಬುಟು ತೆಗೆದು ಕೊಡುತ್ತಿದ್ದಳು, ಪಾರವ್ವನ ಗೆರೆಯನ್ನು ಮಾತ್ರ ದೊಡ್ಡದು ಮಾಡಿ ಕೇಳಿಸುತ್ತಿದ್ದಳು. "ಕೇಳಪಾ, ನಿನ್ನ ಸಂಸಾರ" ಅನ್ನುತ್ತಿದ್ದಳು. ಪಾರವ್ವನ ಉಸಿರಿಗೆ ಒಂದು ತೊಡರು ಇತ್ತು. ಒಳಗೆ ಎಳೆದುಕೊಂಡದ್ದು ಹೊರಗೆ ಬರುವ ಮೊದಲು ಎಲ್ಲೋ ಸಿಕ್ಕಿಕೊಂಡ ಹಾಗೆ ನಿಂತು, ಆಮೇಲೆ ಬರುತ್ತಿತ್ತು. ಅದು ನಿಂತಾಗೆಲ್ಲ ನನ್ನ ಉಸಿರೂ ನಿಲ್ಲುತ್ತಿತ್ತು. ಎಷ್ಟು ವರ್ಷ ಒಂದೇ ಚಾಪೆಯ ಮೇಲೆ ಮಲಗಿದ್ದೆವು, ಆಕೆಯ ಉಸಿರು ಹೇಗಿದೆ ಎಂದು ನಾನು ಕೇಳಿದ್ದು ಆ ಮೈಕಿನಲ್ಲೇ.

ಆಯುಧ ಪೂಜೆ ಬಂತು. ಕಂಪ್ಯೂಟರು ಬಂದ ಮೇಲೆ ಮೊದಲನೆಯದು. ಆ ದಿನ ದುಡಿಯುವ ಯಾವುದನ್ನೂ ದುಡಿಸಬಾರದು. ನೇಗಿಲು ತೊಳೆದು ನಿಲ್ಲಿಸುತ್ತೇವೆ, ಬಾಚಿ, ಕುಡುಗೋಲು, ತಕ್ಕಡಿ ಎಲ್ಲಕ್ಕೂ ವಿಭೂತಿ. ಕಮಿಟಿಯ ಗುರಪಾದಪ್ಪ ಬಂದು, "ಊರಿನ ಜೀವಾ ಕಾಯೂ ಯಂತ್ರಕ್ಕ ಪೂಜಿ ಇಲ್ಲಂದ್ರ ಹೆಂಗ? ಅದೂ ಒಂದು ಆಯುಧನ" ಅಂದ. ಆ ಹಗಲು ಹಳೆಯ ಪದ್ಧತಿಯಂತೆ ಎಲ್ಲರೂ ತಮ್ಮ ತಮ್ಮವರ ಬಾಯಿಗೆ ಕಿವಿ ಹಚ್ಚಿ ಕೂತರಾಯಿತು ಎಂದಾಯಿತು. ಹೆಂಗಸರು ತಂತಿಗಳನ್ನೆಲ್ಲ ಹಲಗೆಯಿಂದ ಬಿಡಿಸಿ, ಒದ್ದೆ ಅರಿವೆಯಿಂದ ಒರೆಸಿದರು. ಧೂಳು ಹಿಡಿದು ಕರ್ರಗಾಗಿದ್ದ ಬಣ್ಣದ ಪಟ್ಟಿಗಳನ್ನು ಹಬ್ಬದ ದಿನ ಹಾಗೇ ಬಿಡುವುದು ಚಂದವಲ್ಲವೆಂದು ಕಿತ್ತು, ಅಂಟಿಗೆ ಸೀಮೆಎಣ್ಣೆ ಹಚ್ಚಿ ತಿಕ್ಕಿದರು. ತಂತಿ ತಂತಿಗೂ ಮೂರು ಬೆರಳು ವಿಭೂತಿ, ಒಂದು ಬೊಟ್ಟು ಕುಂಕುಮ. ಮಾಬೂಸಾಬ ತನ್ನ ಪಂಪನ್ನೂ ನಟ್ಟು ಬಿಗಿಯುವ ಪಾನಗಳನ್ನೂ ತೊಳೆದು ತಂದು ಪಕ್ಕಕ್ಕೆ ಇಟ್ಟ. ಎಲೆ ನನ್ನ ತೋಟದ್ದು. ಕಾಯಿ ಒಡೆದ ಮೇಲೆ ತಂತಿಗಳನ್ನು ಮತ್ತೆ ಹಲಗೆಗೆ ಚುಚ್ಚಿದರು. ಒಂದು ತೂತೂ ಖಾಲಿ ಉಳಿಯಲಿಲ್ಲ, ಒಂದು ತಂತಿಯೂ ಮಿಗಲಿಲ್ಲ. ಕಂಪ್ಯೂಟರು ಬೆಳಗಿತು. ಹೆಸರುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಬಂದು ನಿಂತವು, ಗೆರೆಗಳು ಏಳುತ್ತಾ ಬೀಳುತ್ತಾ ನಡೆದವು. "ನೋಡ್ರಿ, ಒಂದೂ ಹೆಸರು ತಪ್ಪಿಲ್ಲ!" ಎಂದು ದ್ಯಾಮಕ್ಕ ಎಲ್ಲರಿಗೂ ಕೊಬ್ಬರಿ ಹಂಚಿದಳು.

ಆ ವಾರ ಪಾರವ್ವನ ಉಸಿರು ಕೇಳಿ ನಾನು ದಂಗಾದೆ. ತೊಡರು ಹೋಗಿತ್ತು. ಒಳಗೆ ಹೋದದ್ದು ಸರಾಗವಾಗಿ ಹೊರಗೆ ಬರುತ್ತಿತ್ತು, ತುಂಬಿದ ಕೆರೆಯ ನೀರು ದಂಡೆಗೆ ಬಂದು ಹೋಗುವ ಹಾಗೆ. "ದ್ಯಾಮಕ್ಕಾ, ಸುಧಾರಿಸ್ಯಾಳ ಆಕಿ!" ಅಂದೆ.

"ಪೂಜಿ ಮಾಡೀವಲ್ಲೋ ಹುಚ್ಚಾ" ಅಂದಳು. ಆಕೆಯ ಕಣ್ಣಲ್ಲೂ ನೀರಿತ್ತು.

ಮಾಬೂಸಾಬ ಮಾತ್ರ ಮಂಕಾದ. "ಅವ್ವನ ಉಸುರು ಯಾಕೋ ತಡವರಿಸಾಕತ್ತೇತಿ ಕಾಕಾ. ನಡುವ ನಿಂತು ನಿಂತು ಬರ್ತೈತಿ. ಹಬ್ಬದ ದಿನ ಗಾಳಿ ಗೀಳಿ ಬಡೀತೇನೋ" ಅಂದ. ನಾನು ಅವನ ಹೆಗಲ ಮೇಲೆ ಕೈಯಿಟ್ಟು, "ವಯಸ್ಸಾದಾಕಿ. ನಮ್ಮಾಕೀದೂ ಮೊದಲ ಹಂಗ ಇತ್ತು, ಈಗ ನೋಡು" ಅಂದೆ. ಅವನ ಸಮಾಧಾನಕ್ಕೆಂದು ಅಂದೆ. ಒಳಗೊಳಗೆ ನನ್ನ ಪಾಲಿಗೆ ಬಂದ ಒಳ್ಳೆಯದನ್ನು ಗಂಟು ಕಟ್ಟಿಕೊಂಡಿದ್ದೆ. ಪಾರವ್ವ ಎದ್ದು ಬಂದರೆ ಕೂಡಲು ಇರಲಿ ಎಂದು ತೋಟದ ನುಗ್ಗೆಯ ಬುಡಕ್ಕೆ ಒಂದು ಕಲ್ಲು ಹಾಸಿದೆ.

ಕರೆ ಬಂದದ್ದು ಎಲೆ ಕೊಯ್ದ ಒಂದು ಮುಂಜಾನೆ. ನಾನು ಪೆಂಡಿ ಹೊತ್ತು ಗೋಡೌನಿನ ಮುಂದೆಯೇ ಹೋಗುತ್ತಿದ್ದೆ. ಕರ್ಣ ಗೊರಗುಟ್ಟಿ, "ಮಾಬೂಸಾಬಾ! ನಿಮ್ಮವ್ವ ಕರದಳೋ!" ಎಂದು ಕೂಗಿತು. ಅಂಗಡಿಯಿಂದ ಅವನು ಕೈಯ ಎಣ್ಣೆಯನ್ನು ಎದೆಗೆ ಒರೆಸುತ್ತಾ ಓಡಿ ಬಂದ. ನಾನೂ ಪೆಂಡಿ ಹೊತ್ತೇ ಅವನ ಹಿಂದೆ ಒಳಗೆ ಹೋದೆ. ಒಳಗಿದ್ದವರೆಲ್ಲ ಆಗಲೇ ಸೆರಗು, ಟವೆಲ್ಲು ಬಾಯಿಗೆ ಒತ್ತಿಕೊಂಡು ಬೀಬವ್ವನ ಹೊರಸಿನ ಸುತ್ತ ನಿಂತಿದ್ದರು. ಮಾಬೂಸಾಬ ಮೊಳಕಾಲೂರಿ ತಾಯಿಯ ಕಿವಿಗೆ ಬಾಯಿ ಹಚ್ಚಿದ. ನಾನು ಪೆಂಡಿಯನ್ನು ನೆಲಕ್ಕಿಟ್ಟು, ಎರಡು ಹೊರಸುಗಳ ನಡುವಿನ ಆ ಜಾಗದಲ್ಲಿ ಅವನ ಬೆನ್ನ ಹಿಂದೆ ನಿಂತೆ. ನನ್ನ ಮೀನಖಂಡಕ್ಕೆ ಪಾರವ್ವನ ಹೊರಸಿನ ಚೌಕಟ್ಟು ತಾಗುತ್ತಿತ್ತು. ಟವೆಲ್ಲನ್ನು ಬಾಯಿಗೆ ಒತ್ತಿಕೊಂಡೆ.

"ಎರಡನೇದು ಕರದಳು! ಅನ್ನೋ!" ಎಂದು ದ್ಯಾಮಕ್ಕ ಮೇಜಿನಿಂದ ಕೂಗಿದಳು.

"ಓ ಯವ್ವಾ. ಓ. ಇಲ್ಲೇ ಅದೇನಿ" ಎಂದು ಮಾಬೂಸಾಬ ಪಿಸುಗುಟ್ಟಿದ. ಬೀಬವ್ವನ ರೆಪ್ಪೆ ಅಲುಗಲಿಲ್ಲ.

"ಇನ್ನೂ ಸನೇಕ ಹೋಗು, ಕಿವ್ಯಾಗ ಅನ್ನು!"

"ಓ, ಓ, ಯವ್ವಾ, ಓ!"

"ಮೂರನೇದು..." ಎಂದು ದ್ಯಾಮಕ್ಕ ನಿಂತಳು. ಗುಬುಟನ್ನು ಎರಡೂ ಕೈಯಿಂದ ಕಿವಿಗೆ ಅಮುಕಿಕೊಂಡಳು. ಆಮೇಲೆ ಕೈ ಬಿಟ್ಟಳು. "ಹೋತು" ಅಂದಳು.

ಮಾಬೂಸಾಬ ತಾಯಿಯ ಎದೆಯ ಮೇಲೆ ಬಿದ್ದು ಒಂದು ಸಲ ಕೂಗಿದ. ಎರಡನೆಯ ಸಲ ಕೂಗಲು ಬಾಯಿ ತೆರೆದವನು ಹಾಗೇ ತಲೆಯೆತ್ತಿದ. "ಎದಿ ಏಳಾಕತ್ತೇತಿ" ಅಂದ. ಮೂಗಿನ ಕೆಳಗೆ ಬೆರಳಿಟ್ಟ. "ಉಸುರು ಐತಿ! ದ್ಯಾಮಕ್ಕಾ, ಉಸುರು ಐತಿ!"

ಯಾರ ಬಾಯಿಂದಲೂ ಅರಿವೆ ಇಳಿಯಲಿಲ್ಲ. ಬೀಬವ್ವ ಅಲ್ಲದಿದ್ದರೆ ಕರೆದವರು ಯಾರು ಎಂಬುದು ಒಬ್ಬರ ಕಣ್ಣಿನಿಂದ ಒಬ್ಬರ ಕಣ್ಣಿಗೆ ಹೋಯಿತು. ಆಮೇಲೆ ಎಲ್ಲರೂ ಚದುರಿ ತಮ್ಮ ತಮ್ಮವರ ಹೊರಸಿನ ಕಡೆ ಓಡಿದರು. ನಾನು ಓಡಲಿಲ್ಲ. ನಾನು ಪರದೆಯ ಕಡೆ ನೋಡಿದ್ದೆ. ಪಾರವ್ವ ಎಂದು ಬರೆದ ಗೆರೆ ಸರಾಗವಾಗಿ ಏಳುತ್ತಾ ಬೀಳುತ್ತಾ ಇತ್ತು. ಯಾರ ಮನೆಯ ದೀಪ ಆರಿತೋ ಪಾಪ ಎಂದುಕೊಂಡೆ.

"ಎಲ್ಲಾರೂ ಮೈಕ್ ಬಡೀರಿ, ಒಬ್ಬೊಬ್ಬರ" ಅಂದಳು ದ್ಯಾಮಕ್ಕ. "ಅಡಿವೆಪ್ಪಾ, ನೀ ಬಡಿ ಮೊದಲ."

"ನಮ್ಮಾಕೀ ಗೆರಿ ನಡದೈತಲ್ಲ ಅಕ್ಕಾ" ಅಂದೆ.

"ಬಡಿ."

ತಿರುಗಿದೆ. ಪಾರವ್ವನ ಮುಖ ನನ್ನ ಕಡೆಗೇ ವಾಲಿತ್ತು. ಬೆಳಿಗ್ಗೆ ದ್ಯಾಮಕ್ಕ ಅಂಗಾತ ಮಲಗಿಸಿದ್ದಳಂತೆ, ಆಮೇಲೆ ಗೊತ್ತಾಯಿತು. ತುಟಿ ಒಂಚೂರು ತೆರೆದಿತ್ತು. ಮೈಕಿನ ಮೇಲೆ ಉಗುರಿನಿಂದ ಟಕ್ ಟಕ್ ಎಂದು ಬಡಿದೆ. ಪರದೆಯಲ್ಲಿ ಪಾರವ್ವನ ಗೆರೆ ಮೊದಲಿದ್ದ ಹಾಗೇ ಏಳುತ್ತಾ ಬೀಳುತ್ತಾ ಇತ್ತು. ಇನ್ನೊಮ್ಮೆ ಬಡಿದೆ. ಮೇಜಿನ ಹತ್ತಿರ ಹೋಗಿ ನಿಂತಿದ್ದ ಮಾಬೂಸಾಬ ಮುಖ ಮುಚ್ಚಿಕೊಂಡು, "ಕಾಕಾ, ಸಾಕು ಬಿಡು. ಜಿಗಿಯಾಕತ್ತಿದ್ದು ನಮ್ಮವ್ವನ ಹೆಸರಿಂದು" ಅಂದ. ನನಗೆ ತಿಳಿಯಿತು. ತಿಳಿದರೂ ಬೆರಳು ನಿಲ್ಲಲಿಲ್ಲ. ಒಳಗಿನಿಂದ ಯಾರಾದರೂ ಚಿಲಕ ತೆಗೆದಾರು ಎಂಬ ಹಾಗೆ ಬಡಿಯುತ್ತಲೇ ಇದ್ದೆ. ಮೋನಪ್ಪ ಬಂದು ಕೈ ಹಿಡಿದ.

ತೋಟದ ಅಂಚಿಗೇ ಮಣ್ಣು ಕೊಟ್ಟೆವು. ಮಾಬೂಸಾಬ ಕುಣಿಗೆ ಇಳಿದು ಮಣ್ಣು ಎತ್ತಿ ಹಾಕಿದ. ಕೆಲಸ ಮುಗಿದ ಮೇಲೆ ಹತ್ತಿರ ಬಂದು, "ಕಾಕಾ, ನಾ ಅಂದದ್ದು ಓ ಆಕೀಗೇ ಅಂದ್ಹಂಗ ಆಗಂಗಿಲ್ಲೇನು? ಆಕಿ ಕರದದ್ದಕ್ಕ ಅಲ್ಲೇನು ನಾ ಓ ಅಂದದ್ದು?" ಎಂದು ಕೇಳಿದ. "ಕಿವಿ ಬ್ಯಾರೆ ಆತಲ್ಲೋ ತಮ್ಮಾ" ಅಂದೆ. ಅವನು ಗುದ್ದಲಿ ಹೆಗಲಿಗೇರಿಸಿಕೊಂಡು ಹೋದ.

ಕಮಿಟಿ ಕೂಡಿತು. ಜೋಡಣೆಯವನಿಗೆ ಫೋನು ಮಾಡಿದರೆ, ಸುಗ್ಗಿ ಕಳೆದು ಬರುತ್ತೇನೆ ಅಂದ. ಪರದೆಯ ಮೇಲಿನ ಹೆಸರು ಬದಲಿಸುವುದು ಅವನೊಬ್ಬನಿಗೇ ಗೊತ್ತಿತ್ತು. ತಂತಿ ಕಿತ್ತು ಸರಿಯಾಗಿ ಚುಚ್ಚೋಣ ಎಂದು ಕೆಲವರು ಅಂದರು. ಕಿತ್ತ ಗಳಿಗೆಯಲ್ಲೇ ಆ ತಂತಿಯವರು ಕರೆದುಬಿಟ್ಟರೆ ಎಂದು ಉಳಿದವರು ತಡೆದರು. ಹಲಗೆಯನ್ನು ಮುಟ್ಟುವುದೇ ಬೇಡವೆಂದಾಯಿತು. ಎಲ್ಲರ ಮೈಕನ್ನೂ ಬಡಿದು, ಯಾರ ಹೆಸರಿನ ಗೆರೆಯಲ್ಲಿ ಯಾರ ಉಸಿರು ಇದೆ ಎಂದು ನೋಡಿ, ದ್ಯಾಮಕ್ಕ ಬಾಯಿಪಾಠ ಮಾಡಿದಳು. ಚೀಟಿ ಅಂಟಿಸಲು ನೋಡಿದಳು. ಜೋರಾದ ಗೆರೆ ಪರದೆಯಲ್ಲಿ ಮೇಲಕ್ಕೆ ಜಾರುತ್ತದೆ, ಚೀಟಿ ಅಂಟಿಸಿದಲ್ಲೇ ಉಳಿಯುತ್ತದೆ. ಹಾಗಾಗಿ ದಿನವೂ ಗಿಣಿಯ ಹಾಗೆ ಹೇಳಿಕೊಳ್ಳುತ್ತಿದ್ದಳು. ಪಾರವ್ವ ಅಂತ ಇದ್ರ ಬೀಬವ್ವ. ಬೀಬವ್ವ ಅಂತ ಇದ್ರ ಖಾಲಿ. ಪಾರವ್ವ ಅಂತ ಇದ್ರ ಬೀಬವ್ವ.

ನಾನು ಸಂಜೆ ಗೋಡೌನಿಗೆ ಹೋಗುವುದನ್ನು ಬಿಟ್ಟೆ. ಹಬ್ಬದಿಂದ ಆಚೆ ನಾನು ಕೇಳಿ ಹಿಗ್ಗಿದ್ದೆಲ್ಲ ಬೀಬವ್ವನ ಉಸಿರು. ಪಾರವ್ವನ ತೊಡರನ್ನು ಕೇಳಿ ಒಳಗೇ ಸವೆದವನು ಮಾಬೂಸಾಬ. ಆಕೆಯ ಕೊನೆಯ ದಿನಗಳ ಚಿಂತೆ ಕೂಡ ನನ್ನ ಪಾಲಿಗೆ ಬರಲಿಲ್ಲ. ತೋಟದ ಕೆಲಸ ಮಾಡುತ್ತಿದ್ದೆ, ಕೈಗೆ ರೂಢಿಯಿತ್ತು, ಮಾಡುತ್ತಿತ್ತು. ನುಗ್ಗೆಯ ಬುಡದ ಕಲ್ಲಿನ ಮೇಲೆ ಎಲೆಯ ಪೆಂಡಿ ಇಡುತ್ತಿದ್ದೆ.

ಒಂದು ಶುಕ್ರವಾರ, ಬಿಸಿಲು ನೆತ್ತಿಗೆ ಬಂದಾಗ, ಏಣಿಯ ಮೇಲಿದ್ದೆ. ಕರ್ಣ ಗೊರಗುಟ್ಟಿತು. "ಅಡಿವೆಪ್ಪಾ! ಪಾರವ್ವ ಕರದಳೋ! ಓಡಿ ಬಾ!"

ದ್ಯಾಮಕ್ಕನ ದನಿಯಲ್ಲಿ ಗಾಬರಿಯಿತ್ತು. ಗಾಬರಿಯಲ್ಲಿ ಪಾಠ ಮರೆತು ಪರದೆಯ ಮೇಲಿದ್ದುದನ್ನು ಓದಿಬಿಟ್ಟಿದ್ದಳು. ಅದು ನನಗೆ ಏಣಿಯ ಮೇಲೇ ಗೊತ್ತಾಯಿತು. ಪಾರವ್ವ ನಾನು ನಿಂತಲ್ಲಿಂದ ಕಾಣುವ ಮಣ್ಣಿನ ಕೆಳಗಿದ್ದಳು. ಕರೆದವಳು ಬೀಬವ್ವ, ಓಡಬೇಕಾದವನು ಮಾಬೂಸಾಬ, ಅವನು ಆ ಹೊತ್ತಿಗೆ ಊರಾಚೆಯ ಮಸೀದಿಯಲ್ಲಿ. ಇದೆಲ್ಲ ಗೊತ್ತಿತ್ತು. ಆದರೂ ಏಣಿಯಿಂದ ಹಾರಿದೆ. ಕೈಯಲ್ಲಿದ್ದ ಎಲೆ ಚೆಲ್ಲಿದ್ದು ಗೊತ್ತಾಗಲಿಲ್ಲ. ಇಷ್ಟು ಕಾಲ ಆ ಕರ್ಣ ನನ್ನ ಹೆಸರು ಕೂಗಲೆಂದೇ ಕಾದ ಕಾಲುಗಳು, ಈಗ ನಾನು ಬೇಡವೆಂದರೆ ನಿಲ್ಲುವವೇನು? ದಾರಿಯ ನಡುವೆ ಕರ್ಣ ಮತ್ತೆ ಕೂಗಿತು, "ಅಯ್ಯಯ್ಯ, ಅಲ್ಲ, ಮಾಬೂಸಾಬಾ! ಮಾಬೂಸಾಬಾ, ನಿಮ್ಮವ್ವ!" ನಾನು ನಿಲ್ಲಲಿಲ್ಲ.

ಗೋಡೌನಿನಲ್ಲಿ ಪಾರವ್ವನ ಖಾಲಿ ಹೊರಸು ಗೋಡೆಗೆ ಒರಗಿತ್ತು. ಬೀಬವ್ವನ ಸುತ್ತ ಎಲ್ಲರೂ ಅರಿವೆ ಕಚ್ಚಿಕೊಂಡು ನಿಂತಿದ್ದರು. "ಎರಡಾತು" ಅಂದಳು ದ್ಯಾಮಕ್ಕ. ಬಾಗಿಲ ಕಡೆ ನೋಡಿದೆವು. ರಸ್ತೆ ಬಿಸಿಲಿನಲ್ಲಿ ಬರಿದಾಗಿ ಬಿದ್ದಿತ್ತು. ನಾನು ಮುದುಕಿಯ ಪಕ್ಕ ಕೂತೆ, ಬಾಯಿಯ ಹತ್ತಿರ ಕಿವಿ ಇಟ್ಟೆ. ತಿಂಗಳುಗಟ್ಟಲೆ ನನ್ನವಳದೆಂದು ಕೇಳಿದ ಅದೇ ಸರಾಗ ಉಸಿರು. ಅದು ಮೆಲ್ಲಗೆ ತಡೆಯಿತು. ಆಮೇಲೆ ಮೂರನೆಯದು ಬಂತು. ಜೀವಮಾನದಲ್ಲಿ ನಾನು ನನ್ನ ಕಿವಿಯಿಂದ ಕೇಳಿದ ಕರೆ ಅದೊಂದೇ. ನನ್ನ ಟವೆಲ್ಲು ತೋಟದ ಏಣಿಯ ಮೇಲೆ ಉಳಿದಿತ್ತು.

"ಓ" ಅಂದುಬಿಟ್ಟೆ.

ಹಿಂದೆ ಯಾರೋ ನರಳಿದರು. ಯಾರೋ ನನ್ನ ಅಂಗಿ ಹಿಡಿದು ಎಳೆದರು. ಬೀಬವ್ವ ಕಣ್ಣು ತೆರೆದಳು.

ಯಾವ ಹೊಸ್ತಿಲಿಗೂ ದಾರಿ ತಪ್ಪಿ ಹೋಗಲಿಲ್ಲ. ಇಲ್ಲೇ, ಈ ಹೊರಸಿನ ಮೇಲೇ ತೆರೆದಳು. ನೀರು ಎಂದು ತುಟಿ ಆಡಿಸಿದಳು. ಜನ ಬಾಯಿಯ ಅರಿವೆ ಇಳಿಸಿ, ಹೋ ಎಂದು ಕೂಗುತ್ತಾ ನೀರಿಗೆ ಓಡಿದರು. ಬೇರೆ ಒಲೆಯವನ ಓ ಮೇಲೆ ಮುದುಕಿ ಎದ್ದದ್ದು ಅವರಿಗೆ ಹಿಗ್ಗಿನಲ್ಲಿ ಇನ್ನೂ ತಲೆಗೆ ಹೋಗಿರಲಿಲ್ಲ. ಮೇಜಿನ ಹತ್ತಿರ ದ್ಯಾಮಕ್ಕನಿಗೆ ಹೋಗಿತ್ತು. ಆಕೆ ಗುಬುಟು ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು. "ಬಾಜೂ ಮನಿಯವರು ಮೂರೂ ಕೇಳಿದ್ರು" ಅಂದಳು, ಯಾರಿಗೂ ಅಲ್ಲ. "ಮೂರೂ ಕೇಳಿ ಸೆರಗ ಹಿಡಕೊಂಡು ನಿಂತಿದ್ರು." ಆಮೇಲೆ ತನ್ನ ಅಂಗೈಯನ್ನು ತಾನೇ ಬಾಯಿಗೆ ಒತ್ತಿಕೊಂಡಳು, ಕರೆ ಬಂದಾಗ ಒತ್ತಿಕೊಳ್ಳುವ ಹಾಗೆ.

ಬೀಬವ್ವ ನನ್ನ ಕೈಬೆರಳು ಹಿಡಿದು ಎಳೆದಳು. ಬಗ್ಗಿದೆ. ನನ್ನ ಗುರುತು ಹತ್ತಿತ್ತೋ ಇಲ್ಲವೋ.

"ಈ ಮಗ್ಗಲದಾಕಿ ಭಾಳ ಕರದಳೋ ಯಪ್ಪಾ" ಅಂದಳು. "ಯಾರೂ ಓ ಅನ್ನಲಿಲ್ಲ. ನಾನರ ಅನ್ನೂಣಂದ್ರ ನನಗ ಬಾಯಿ ಬರಲಿಲ್ಲ. ಆಕೀ ಮಂದಿ ಬಂದ್ರೇನು?"

ಬಾಗಿಲಲ್ಲಿ ಮಾಬೂಸಾಬ ತಲೆಯ ಟೋಪಿ ಕೈಯಲ್ಲಿ ಹಿಡಿದು, ಒದ್ದೆ ಕಾಲಲ್ಲಿ ಓಡಿ ಬರುತ್ತಿದ್ದ. ಅವನಿಗೆ ಜಾಗ ಬಿಡಲು ನಾನು ಎದ್ದೆ.

"ಬಂದಾರವ್ವಾ" ಅಂದೆ.